ಕೂರಿಗೆಯೂ ಪದವಿಯೂ

ಕಳೆದ ವರ್ಷ ನಮ್ಮ ತರಗತಿಯವರೆಲ್ಲ ಅಧ್ಯಾಪಕರೊಡನೆ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ದೆವು. ಎಚ್. ಎಲ್. ನಾಗೇಗೌಡರ ಪರಿಶ್ರಮದಿಂದ ೧೯೯೪ರಲ್ಲಿ ಆರಂಭವಾದ ಸಂಗ್ರಹಾಲಯವದು. ನೇಗಿಲು, ಒನಕೆ, ಬೀಸುವ ಕಲ್ಲುಗಳನ್ನು ನೋಡುತ್ತ ಕೂರಿಗೆಯ ಬಳಿ ಬಂದಾಗ ಅಧ್ಯಾಪಕರು, “ಇದರ ಉಪಯೋಗವನ್ನು ಯಾರಾದರೂ ಹೇಳಬಲ್ಲಿರಾ?” ಎಂದರು. ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಶಿಡ್ಲಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ ತಾತ ಕೂರಿಗೆಯ ಬಟ್ಟಲಿಗೆ ರಾಗಿ ಬಿಡುತ್ತಿದ್ದ. ಕಾಳು ಬಿದಿರಿನ ಕೊಳವೆಗಳಲ್ಲಿಳಿದು ಸಾಲುಸಾಲಾಗಿ ಹಸಿ ಮಣ್ಣು ಸೇರುತ್ತಿತ್ತು. ಹಿಂದೆ ಅಜ್ಜಿ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕುತ್ತಿದ್ದಳು. ಮಳೆ ಕೈಕೊಟ್ಟು ರಾಗಿ ಕೆಟ್ಟರೂ ಅವರೆಯಾದರೂ ಮನೆಗೆ ಬರಲೆಂಬುದು ಅವರ ಲೆಕ್ಕ. ಇಷ್ಟನ್ನು ಹೇಳಲು ನನ್ನ ನಾಲಗೆ ಏಳಲಿಲ್ಲ. ಹೇಳಿದರೆ ಉತ್ತವರ ಮನೆಯ ಕೂಸೆಂದು ಎಲ್ಲರಿಗೂ ತಿಳಿಯುತ್ತದಲ್ಲ ಎಂಬ ನಾಚಿಕೆ! ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಓದು ನನಗೆ ಕಲಿಸಿದ್ದು ಇದನ್ನೇ?

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಕೂರಿಗೆಯ ಬಿತ್ತನೆಯನ್ನೂ ಬರೆದುಕೊಂಡು, ೧೮೦೭ರಲ್ಲಿ ಅಚ್ಚು ಹಾಕಿಸಿದನು. ಪರದೇಶದವನಿಗೆ ಬರೆಯಲು ಯೋಗ್ಯವೆನಿಸಿದ್ದು ನನಗೆ ಹೇಳಲೂ ಸಂಕೋಚವೆನಿಸಿತು.

ಟ್ರ್ಯಾಕ್ಟರಿನ ಕಾಲದಲ್ಲಿ ಕೂರಿಗೆಯ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಮತ್ತೆ ಕೂರಿಗೆ ಹೂಡಿರೆಂದು ನಾನು ಹೇಳುತ್ತಿಲ್ಲ. ಆ ದುಡಿಮೆ ಎಷ್ಟು ಕಠಿಣವೆಂಬುದಕ್ಕೆ ಅಜ್ಜಿಯ ಬಾಗಿದ ಬೆನ್ನೇ ಸಾಕ್ಷಿ. ಆದರೆ ಸಂಗ್ರಹಾಲಯವು ಮರವನ್ನು ಗೆದ್ದಲಿನಿಂದ ಕಾಪಾಡಬಲ್ಲದು. ಕೈಯ ಹದವನ್ನು ಹೇಗೆ ಕಾಪಾಡೀತು? ಕೈ ಬಿರುಸಾದರೆ ಪೈರು ಒತ್ತಾಗುತ್ತದೆ, ತಡವಾದರೆ ಸಾಲು ತೆಳುವಾಗುತ್ತದೆ. ಯಾವ ಮಳೆಗೆ ಏನು ಬಿತ್ತಬೇಕು, ಎಷ್ಟು ಹಸಿಗೆ ಕೂರಿಗೆ ಹೂಡಬೇಕು ಎಂಬ ವಿವೇಕ ಈಗ ನಮ್ಮ ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿದೆ. ಅವರಿಗೆ ಬರೆಯಲು ಬಾರದು. ನಮ್ಮ ಮುಂದಿನವರಿಗೆ ಹೊಲವೇ ತಿಳಿಯದು. ಎರಡನ್ನೂ ಬಲ್ಲವರು ನಡುವೆ ನಿಂತ ನಾವು ಮಾತ್ರ.

ಆದುದರಿಂದ ನನ್ನದೊಂದು ಬಿನ್ನಹ. ಮುಂದಿನ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರನ್ನು ಕೇಳಿ ಒಂದೊಂದು ಉಪಕರಣದ ವಿಚಾರವನ್ನು ಬರೆದು ತರಲಿ. ಈ ಸಂಚಿಕೆಯ ಕೆಲವು ಪುಟಗಳು ಪ್ರತಿವರ್ಷವೂ ಅದಕ್ಕೆ ಮೀಸಲಾಗಲಿ. ತಾತ ಈಗಿಲ್ಲ. ಅಜ್ಜಿಯ ಮುಂದೆ ಪುಸ್ತಕ ಹಿಡಿದು ಕುಳಿತು ನಾನು ಆಗಲೇ ಆರಂಭಿಸಿದ್ದೇನೆ. “ಇದೆಲ್ಲ ನಿನ್ನ ಪರೀಕ್ಷೆಗೆ ಬರುತ್ತದೇನಪ್ಪ?” ಎಂದು ಅವಳು ನಗುತ್ತಾಳೆ. ಪರೀಕ್ಷೆಗೆ ಅದು ಬಂದೇ ಆಗಿದೆ; ಅಂದು ನಾನು ಉತ್ತರಿಸಲಿಲ್ಲ, ಅಷ್ಟೆ.