ಮುಖ ಬಿಗಿದರೆ ಶುಚಿಯಾದಂತಲ್ಲ

ಮುಖ ತೊಳೆದು ಟವೆಲಿನಿಂದ ಒರೆಸಿಕೊಂಡ ಎರಡು ಮೂರು ನಿಮಿಷಕ್ಕೆ ಕೆನ್ನೆ, ಬಾಯಿಯ ಸುತ್ತ, ಮೂಗಿನ ಪಕ್ಕದಲ್ಲಿ ಚರ್ಮ ಎಳೆದು ಕಟ್ಟಿದ ಹಾಗಾಗುತ್ತದೆ. ನಕ್ಕರೆ ಬಿರಿಯುತ್ತದೇನೋ ಅನ್ನಿಸುತ್ತದೆ. ನಮ್ಮಲ್ಲಿ ಬಹಳ ಮಂದಿ ಇದನ್ನೇ ಶುಚಿಯ ಗುರುತೆಂದು ನಂಬಿದ್ದಾರೆ. ಜಿಡ್ಡೆಲ್ಲ ಹೋಯಿತು, ಮುಖ ಹಗುರಾಯಿತು ಎಂಬ ಸಮಾಧಾನ ಆ ಬಿಗಿತದಲ್ಲಿದೆ. ಚೆನ್ನಾಗಿ ಉಜ್ಜಿದ ಸ್ಟೀಲ್ ತಟ್ಟೆಯ ಮೇಲೆ ಬೆರಳೆಳೆದರೆ ಕಿರ್ ಅನ್ನುತ್ತದಲ್ಲ, ಮುಖವೂ ಹಾಗೆಯೇ ಆಗಬೇಕೆಂದು ಬಯಸುತ್ತೇವೆ. ಆದರೆ ತಟ್ಟೆಯ ಮೇಲಿನ ಜಿಡ್ಡೆಲ್ಲ ಹೊರಗಿನಿಂದ ಬಂದದ್ದು. ಮುಖದ ಮೇಲಿನ ಎಣ್ಣೆಯಲ್ಲಿ ಬಹುಪಾಲು ಚರ್ಮವು ತನ್ನ ಕಾವಲಿಗೆಂದು ತಾನೇ ಮಾಡಿಕೊಂಡದ್ದು. ಅದನ್ನೂ ಕೊಳೆಯ ಲೆಕ್ಕಕ್ಕೆ ಸೇರಿಸಿ ದಿನಕ್ಕೆ ಎರಡು ಮೂರು ಬಾರಿ ಕಿತ್ತು ತೆಗೆದರೆ ಉಳಿಯುವುದು ಬರಿಗೈಯಾದ ಚರ್ಮ. ದಿನವೂ ಮುಖ ತೊಳೆಯಲು ಏನು ಬಳಸಬೇಕು ಎಂಬ ಪ್ರಶ್ನೆಗೆ ಬೆಲೆ, ಪರಿಮಳ, ನೊರೆ ಇವ್ಯಾವೂ ಉತ್ತರ ಹೇಳಲಾರವು. ತೊಳೆದ ಅರ್ಧ ಗಂಟೆಯ ಮೇಲೆ, ಏನೂ ಹಚ್ಚದೆ, ಚರ್ಮ ಹೇಗಿದೆ ಎಂಬುದು ನಾವು ಮನೆಯಲ್ಲೇ ನೋಡಬಹುದಾದ, ನಂಬತಕ್ಕ ಅಳತೆ. ಆ ಅಳತೆಯಲ್ಲಿ ಸೋತದ್ದು ಎಷ್ಟೇ ಹೆಸರಾಂತದ್ದಾದರೂ ಆ ಮುಖಕ್ಕೆ ಸಲ್ಲದು.

ಈ ಮಾತಿಗೆ ಆಧಾರ ಚರ್ಮದ ರಚನೆಯಲ್ಲೇ ಇದೆ. ನಮ್ಮ ಮೈಯ ತೀರಾ ಮೇಲಿನ ಪದರದ ದಪ್ಪ ಹೆಚ್ಚಿನ ಕಡೆ ಸುಮಾರು 10ರಿಂದ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ಮಾತ್ರ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಒಣಗಿ ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಧೂಳು ರೋಗಾಣು ನುಗ್ಗದಂತೆ ಹಿಡಿದಿರುವುದು ಈ ಗಾರೆಯೇ. ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಅದರ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸು. ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ 1928ರಲ್ಲೇ ಇದನ್ನು ಚರ್ಮದ ಆಮ್ಲದ ಹೊದಿಕೆ ಎಂದು ಕರೆದಿದ್ದರು. ಗಾರೆಯನ್ನು ತಯಾರಿಸುವ ಕಿಣ್ವಗಳು ಕೆಲಸ ಮಾಡುವುದಕ್ಕೆ ಈ ಹುಳಿ ಬೇಕು. ನಮ್ಮ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10ರವರೆಗೆ ಇರುತ್ತದೆ. ಪಿಎಚ್ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹಾಗಾಗಿ 5ಕ್ಕೂ 10ಕ್ಕೂ ಇರುವ ಅಂತರ ಒಂದು ಲಕ್ಷ ಪಟ್ಟು. ಹತ್ತನೆಯ ತರಗತಿಯ ಮಕ್ಕಳು ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠದ ಸಮಯದಲ್ಲಿ ಸೋಪಿನ ನೀರಿಗೆ ಕೆಂಪು ಲಿಟ್ಮಸ್ ಕಾಗದ ಅದ್ದುತ್ತಾರೆ, ಅದು ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಅದೇ ನೀರು ಕೆನ್ನೆಗೆ ತಾಗಿದಾಗ ಮೇಲ್ಪದರ ಊದಿಕೊಳ್ಳುತ್ತದೆ, ಗಾರೆ ಸಡಿಲವಾಗುತ್ತದೆ, ಒಳಗಿನ ನೀರು ಬೇಗ ಬೇಗ ಆರುತ್ತದೆ. ನಾವು ಶುಚಿ ಎಂದುಕೊಳ್ಳುವ ಆ ಬಿಗಿತ ಈ ಆರುವಿಕೆಯ ಅನುಭವ. ಚರ್ಮ ಮತ್ತೆ ತನ್ನ ಮೊದಲಿನ ಪಿಎಚ್‌ಗೆ ಬರಲು ಗಂಟೆಗಳೇ ಬೇಕಾಗಬಹುದು. ಅಷ್ಟರಲ್ಲಿ ನಾವು ಇನ್ನೊಮ್ಮೆ ತೊಳೆದಿರುತ್ತೇವೆ.

ಹಾಗೆಂದು ಸೋಪನ್ನು ಮನೆಯಿಂದ ಹೊರಹಾಕಬೇಕೆಂದು ನಾನು ಹೇಳುತ್ತಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ನಾಡು ನಮ್ಮದು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಹೋಗಲಾರದೆ ಉಳಿದ ಶ್ರೀಗಂಧಕ್ಕೆ ದಾರಿ ಹುಡುಕುತ್ತ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಉದ್ಯಮ ಅದು. ಆ ಅಭಿಮಾನ ಸರಿಯಾದದ್ದೇ. ಕೈ, ಕಾಲು, ಕಂಕುಳಿಗೆ ಒಳ್ಳೆಯ ಸೋಪು ಹೆಚ್ಚಿನವರಿಗೆ ಸಾಕು. ಆದರೆ ಸೋಪು ಕೊಳ್ಳುವಾಗ ನಾವು ನೋಡುವ ಟಿಎಫ್ಎಂ, ಅಂದರೆ ಒಟ್ಟು ಕೊಬ್ಬಿನ ಅಂಶದ ಅಂಕಿ, ಮುಖದ ವಿಷಯದಲ್ಲಿ ಪೂರ್ತಿ ಉತ್ತರ ಕೊಡುವುದಿಲ್ಲ. ಭಾರತೀಯ ಮಾನಕದ ಪ್ರಕಾರ 76 ಶೇಕಡಾ ಟಿಎಫ್ಎಂ ಇದ್ದರೆ ಒಂದನೇ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ, ಬೆರಕೆ ಎಷ್ಟು ಕಡಿಮೆ ಎಂಬುದನ್ನು ಇದು ಹೇಳುತ್ತದೆ, ಪಿಎಚ್ ಎಷ್ಟೆಂದು ಹೇಳುವುದಿಲ್ಲ. ಒಂದನೇ ದರ್ಜೆಯ ಸೋಪೂ ಪ್ರತ್ಯಾಮ್ಲವೇ. ಇದರ ಜೊತೆಗೆ ನಮ್ಮ ನೀರಿನ ಕಥೆಯೂ ಇದೆ. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯ, ಹೀಗೆ ಕೊಳವೆಬಾವಿ ನಂಬಿದ ಎಷ್ಟೋ ಊರುಗಳಲ್ಲಿ ನೀರು ಗಡಸು. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪಟ್ಟಿ, ಶವರಿನ ತೂತುಗಳನ್ನು ಮುಚ್ಚುವ ಸುಣ್ಣದಂಥ ಪುಡಿ ಎಲ್ಲರೂ ಕಂಡದ್ದೇ. ಈ ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಒಂದು ಕಸರು ಆಗುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸೋಪು ಉಜ್ಜುತ್ತೇವೆ, ಕಸರು ಇನ್ನಷ್ಟು ಚರ್ಮದ ಮೇಲೆ ಉಳಿಯುತ್ತದೆ. ಸೋಪಲ್ಲದ ಕ್ಲೆನ್ಸರ್‌ಗಳು ಬಂದದ್ದು ಈ ತೊಡಕಿಗೆ ಪರಿಹಾರವಾಗಿ. ನೋಡಲು ಸೋಪಿನಂತೆಯೇ ಇರುವ ಸಿಂಡೆಟ್ ಬಾರ್‌ಗಳಲ್ಲಿ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್‌ನಂಥ ಸೌಮ್ಯ ಅಂಶ ಮುಖ್ಯವಾಗಿರುತ್ತದೆ. ಅವುಗಳ ಪಿಎಚ್ ಸೋಪಿಗಿಂತ ಚರ್ಮಕ್ಕೆ ಹತ್ತಿರ, ಗಡಸು ನೀರಿನಲ್ಲೂ ಅಷ್ಟಾಗಿ ಕಸರು ಕಟ್ಟುವುದಿಲ್ಲ.

ಇನ್ನು ಯಾವ ಚರ್ಮಕ್ಕೆ ಯಾವುದು ಎಂಬ ಪ್ರಶ್ನೆ. ಇದಕ್ಕೂ ಅದೇ ಅರ್ಧ ಗಂಟೆಯ ಪರೀಕ್ಷೆ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಕ್ರೀಮ್ ಹಚ್ಚದೆ ಕಾಯಿರಿ. ಕೆನ್ನೆ ಎಳೆದು ಅಲ್ಲಲ್ಲಿ ಹೊಟ್ಟಿನಂತೆ ಕಂಡರೆ ಒಣ ಚರ್ಮ. ಹಣೆ, ಮೂಗು, ಗಲ್ಲ ಮಿಂಚಿ ಕೆನ್ನೆ ಸುಮ್ಮನಿದ್ದರೆ ಮಿಶ್ರ ಚರ್ಮ. ಇಡೀ ಮುಖ ಮಿಂಚಿದರೆ ಎಣ್ಣೆ ಚರ್ಮ. ಉರಿದರೆ, ಕೆಂಪೇರಿದರೆ ಅಥವಾ ತುರಿಸಿದರೆ ಸೂಕ್ಷ್ಮ ಚರ್ಮ. ಒಣ ಚರ್ಮಕ್ಕೆ ನೊರೆ ಬಾರದ, ಹಾಲಿನಂತೆ ಅಥವಾ ಲೋಷನ್ನಿನಂತೆ ಇರುವ, ಗ್ಲಿಸರಿನ್ ಇರುವ ಕ್ಲೆನ್ಸರ್ ಒಗ್ಗುತ್ತದೆ. ಎಣ್ಣೆ ಚರ್ಮಕ್ಕೂ ಮಿಶ್ರ ಚರ್ಮಕ್ಕೂ ಹಗುರಾಗಿ ನೊರೆ ಬರುವ ಜೆಲ್ ಸರಿ. ಕೊಕಮಿಡೊಪ್ರೊಪೈಲ್ ಬೀಟೇನ್, ಡೆಸಿಲ್ ಗ್ಲುಕೋಸೈಡ್‌ನಂಥ ಹೆಸರುಗಳು ಅಂಥವುಗಳ ಪಟ್ಟಿಯಲ್ಲಿ ಇರುತ್ತವೆ. ಸೂಕ್ಷ್ಮ ಚರ್ಮದವರು ಪರಿಮಳ ಸೇರಿಸದ್ದನ್ನೇ ಆರಿಸಿ, ಮೊದಲು ಕೆಲವು ದಿನ ಕಿವಿಯ ಕೆಳಗೆ ಸ್ವಲ್ಪ ಜಾಗದಲ್ಲಿ ಬಳಸಿ ನೋಡಬೇಕು. ಪಟ್ಟಿಯ ಮೊದಲ ಸಾಲುಗಳಲ್ಲೇ ಸೋಡಿಯಂ ಲಾರಿಲ್ ಸಲ್ಫೇಟ್ ಕಂಡರೆ ಒಣ ಮತ್ತು ಸೂಕ್ಷ್ಮ ಚರ್ಮದವರು ಅದನ್ನು ಬಿಡುವುದು ಲೇಸು. ಚರ್ಮವನ್ನು ಬೇಕೆಂದೇ ಕೆರಳಿಸಿ ಪರೀಕ್ಷಿಸುವಾಗ ಸಂಶೋಧಕರು ಮಾದರಿಯಾಗಿ ಬಳಸುವ ವಸ್ತು ಅದು. ಚರ್ಮದ ಬಗೆ ಹುಟ್ಟಿನಿಂದ ಬಂದ ಜಾತಿಯಂತೆ ಬದಲಾಗದೆ ಉಳಿಯುವಂಥದ್ದಲ್ಲ ಎಂಬುದನ್ನೂ ಮರೆಯಬಾರದು. ಮಂಗಳೂರಿನ ಸೆಕೆಯಲ್ಲಿ ಮೂಗು ಮಿಂಚುವ ಮುಖವೇ ಡಿಸೆಂಬರಿನ ಬೀದರಿನಲ್ಲಿ ತುಟಿಯ ಅಂಚಿಗೆ ಒಡೆಯಬಹುದು. ವಯಸ್ಸು, ಹವೆ, ಔಷಧಿ ಬದಲಾದಾಗ ಪರೀಕ್ಷೆಯನ್ನೂ ಮತ್ತೆ ಮಾಡಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಮೊಡವೆಯದು. ಸೌಮ್ಯವಾದದ್ದೆಲ್ಲ ಒಣ ಚರ್ಮದವರಿಗೆ. ಎಣ್ಣೆ ಸುರಿಯುವ ಮುಖಕ್ಕೆ, ದಿನವಿಡೀ ಟ್ರಾಫಿಕ್ ಹೊಗೆಯಲ್ಲಿ ಬೈಕ್ ಓಡಿಸುವವರಿಗೆ ಗಟ್ಟಿಯಾದದ್ದೇ ಬೇಕು ಎನ್ನುತ್ತಾರೆ. ಧೂಳು, ಬೆವರು, ಹೊಗೆಯ ಕಣ ಕುಳಿತಿರುವುದು ಚರ್ಮದ ಮೇಲಿನ ಎಣ್ಣೆಯಲ್ಲಿ. ಸೌಮ್ಯ ಕ್ಲೆನ್ಸರನ್ನು ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ ತೊಳೆದರೆ ಅವು ಹೋಗುತ್ತವೆ. ಮೊಡವೆಯಾದರೋ ಕೂದಲ ಬುಡದ ಚೀಲದೊಳಗೆ ಎಣ್ಣೆ ಕಟ್ಟಿ, ಬಾಯಿ ಮುಚ್ಚಿ, ಉರಿಯೂತವಾಗಿ ಹುಟ್ಟುವುದು. ಮೇಲಿನಿಂದ ಎಷ್ಟು ತಿಕ್ಕಿದರೂ ಅಲ್ಲಿಗೆ ಕೈ ತಲುಪದು. ಮೊಡವೆಯಿದ್ದ ಯುವಕರ ಒಂದು ಸಣ್ಣ ಗುಂಪಿನ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಎರಡು ಬಾರಿ ಮುಖ ತೊಳೆದವರಿಗೆ ಒಂದಿಷ್ಟು ಗುಣ ಕಂಡಿತು, ನಾಲ್ಕು ಬಾರಿ ತೊಳೆದವರಿಗೆ ಅದಕ್ಕಿಂತ ಹೆಚ್ಚಿನದೇನೂ ದಕ್ಕಲಿಲ್ಲ. ಸ್ಯಾಲಿಸಿಲಿಕ್ ಆಮ್ಲ ಅಥವಾ ಬೆನ್ಜಾಯ್ಲ್ ಪೆರಾಕ್ಸೈಡ್ ಇರುವ ಫೇಸ್‌ವಾಶ್‌ಗಳು ಮೊಡವೆಗೆ ನೆರವಾಗುತ್ತವೆ, ಇದು ನಿಜ. ಆದರೆ ಅವು ಔಷಧಿಯ ಸಾಲಿಗೆ ಸೇರಬೇಕಾದವು. ವೈದ್ಯರ ಮಾತಿನಂತೆ, ಚರ್ಮ ತಡೆಯುವಷ್ಟು ಬಳಸಬೇಕು.

ನಮ್ಮ ಗೋಧಿ ಮತ್ತು ಕಂದು ಬಣ್ಣದ ಚರ್ಮಕ್ಕೆ ಈ ಎಚ್ಚರ ಇನ್ನೂ ಮುಖ್ಯ. ಬಿಳಿ ಚರ್ಮ ಕೆರಳಿದರೆ ಹೆಚ್ಚಾಗಿ ಕೆಂಪಾಗಿ ಸುಮ್ಮನಾಗುತ್ತದೆ. ನಮ್ಮದು ಕೆರಳಿದರೆ ಅಲ್ಲಿ ಬಣ್ಣದ ಕಣ ಹೆಚ್ಚಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಆ ಕಲೆ ಹೋಗಲೆಂದು ಒರಟು ಹರಳಿನ ಸ್ಕ್ರಬ್ ತಿಕ್ಕುತ್ತೇವೆ, ಮುಖ ಬೆಳಗಿಸುವುದೆಂಬ ಇನ್ನೊಂದು ಟ್ಯೂಬು ತರುತ್ತೇವೆ, ಚರ್ಮ ಮತ್ತೆ ಕೆರಳುತ್ತದೆ, ಇನ್ನೊಂದು ಕಲೆ ಬೀಳುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ‘ಫೇರ್’ ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು, ಆದರೆ ಬಿಳುಪಿನ ಆಸೆ ನಮ್ಮ ಬಚ್ಚಲುಮನೆಯ ಗೂಡಿನಿಂದ ಇನ್ನೂ ಇಳಿದಿಲ್ಲ. ಒಂದು ನಿಮಿಷದೊಳಗೆ ನೀರಿನ ಜೊತೆ ಮೋರಿಗೆ ಹೋಗುವ ವಸ್ತುವಿನಲ್ಲಿ ಕೇಸರಿ, ಚಿನ್ನ, ವಿಟಮಿನ್ ಏನಿದ್ದರೂ ಚರ್ಮಕ್ಕೆ ಸಿಗುವುದು ಅತ್ಯಲ್ಪ. ಶೇ 99 ರೋಗಾಣು ಕೊಲ್ಲುತ್ತದೆಂಬ ಭರವಸೆಯ ಕಥೆಯೂ ಅಷ್ಟೇ. ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳಿರುವ ಮನೆಬಳಕೆಯ ಸೋಪುಗಳನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ಅವು ನಿತ್ಯಬಳಕೆಗೆ ಸುರಕ್ಷಿತವೆಂದಾಗಲೀ, ಸಾದಾ ಸೋಪು ನೀರಿಗಿಂತ ಮೇಲೆಂದಾಗಲೀ ತಯಾರಕರು ತೋರಿಸಿಕೊಟ್ಟಿರಲಿಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ನಮ್ಮ ಅಜ್ಜಿಯರು ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿಯಲ್ಲೇ ಬಾಳಿದರು, ಅವರ ಚರ್ಮಕ್ಕೇನಾಗಿತ್ತು? ಏನೂ ಆಗಿರಲಿಲ್ಲ, ಏಕೆಂದರೆ ಅವರ ರೂಢಿಯಲ್ಲಿ ಸೌಮ್ಯತೆ ತಾನಾಗಿ ಸೇರಿತ್ತು. ಎಣ್ಣೆ ಹಚ್ಚಿ ನೆನೆಸಿದ ಮೈಗೆ ಹಿಟ್ಟು ಬೀಳುತ್ತಿತ್ತು. ಅದು ಹೆಚ್ಚಾದ ಎಣ್ಣೆಯನ್ನು ಹೀರಿ, ಒಂದಿಷ್ಟನ್ನು ಚರ್ಮದ ಮೇಲೆ ಬಿಡುತ್ತಿತ್ತು. ಅಭ್ಯಂಜನವೂ ದಿನಕ್ಕೆ ಮೂರು ಬಾರಿ ಇರಲಿಲ್ಲ. ಇಂದಿನ ನಾವು ಎಣ್ಣೆಯನ್ನು ಬಿಟ್ಟು ಹಿಟ್ಟನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ನಿಂಬೆರಸವನ್ನೋ ಅಡುಗೆ ಸೋಡಾವನ್ನೋ ಕಲಸುತ್ತೇವೆ. ನಿಂಬೆರಸದ ಪಿಎಚ್ 2ರ ಸುತ್ತಮುತ್ತ, ಸೋಡಾದ್ದು 8ಕ್ಕೂ ಮೇಲೆ. ಒಂದು ಸುಡುವ ಹುಳಿ, ಇನ್ನೊಂದು ಪ್ರತ್ಯಾಮ್ಲ. ನಯವಾಗಿ ಜರಡಿ ಹಿಡಿದ ಹೆಸರುಹಿಟ್ಟು ಒಗ್ಗುವವರು ಧಾರಾಳವಾಗಿ ಬಳಸಲಿ, ಅರ್ಧ ಗಂಟೆಯ ಪರೀಕ್ಷೆಯಲ್ಲಿ ಅದೂ ಗೆಲ್ಲಬಹುದು. ಅಜ್ಜಿಯಿಂದ ಕಲಿಯಬೇಕಾದದ್ದು ಚರ್ಮದ ಎಣ್ಣೆಯನ್ನು ಪೂರ್ತಿ ಕಿತ್ತುಕೊಳ್ಳದ ಆ ಹದ.

ಮೂರನೆಯದು ದುಡ್ಡಿನ ಮಾತು. ಚರ್ಮವೈದ್ಯರು ಹೇಳುವ ಬಾಟಲಿಗಳು ದುಬಾರಿ, ಕೂಲಿ ಮಾಡುವವರ ಮನೆಗೆ ಇದು ದೂರ ಎನ್ನುವುದರಲ್ಲಿ ಸತ್ಯವಿದೆ. ಆದರೆ ಸೌಮ್ಯತೆಗೂ ಬೆಲೆಗೂ ನೇರ ನಂಟಿಲ್ಲ. ಮುಖಕ್ಕೆ ಮಾತ್ರ ಬಳಸಿದರೆ, ನೀರು ಬಸಿದುಹೋಗುವ ಡಬ್ಬಿಯಲ್ಲಿಟ್ಟರೆ ಒಂದು ಸಿಂಡೆಟ್ ಬಾರ್ ಬಹಳ ದಿನ ಬರುತ್ತದೆ. ಒಣ ಚರ್ಮದವರು ಬೆಳಿಗ್ಗೆ ಬರೀ ನೀರಿನಲ್ಲಿ ತೊಳೆದು ರಾತ್ರಿ ಮಾತ್ರ ಕ್ಲೆನ್ಸರ್ ಬಳಸಿದರೆ ಖರ್ಚು ಅರ್ಧ. ಸ್ನಾನದ ಹಬೆಯಾಡುವ ನೀರನ್ನೇ ಮುಖಕ್ಕೆ ಎರಚಿಕೊಳ್ಳದಿರುವುದಕ್ಕೆ, ಟವೆಲಿನಿಂದ ತಿಕ್ಕದಿರುವುದಕ್ಕೆ ಕಾಸೂ ಬೇಡ. ಇಷ್ಟಾದರೂ ಉರಿ, ಹೊಟ್ಟು, ಕೆಂಪು ಬಿಡದಿದ್ದರೆ ಬಾಟಲಿ ಬದಲಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು.

ಕೊಳ್ಳುವವರು ಇಷ್ಟು ತಿಳಿದುಕೊಳ್ಳಬೇಕಾದರೆ ಮಾರುವವರೂ ಒಂದು ಹೆಜ್ಜೆ ಇಡಬೇಕು. ಸೋಪಿನ ಮೇಲೆ ಟಿಎಫ್ಎಂ ಅಚ್ಚಾಗುತ್ತದೆ. ಮುಖಕ್ಕೆಂದು ಮಾರುವ ಪ್ರತಿಯೊಂದರ ಮೇಲೂ ಪಿಎಚ್ ಅಚ್ಚಾಗಲಿ, ಕನ್ನಡದಲ್ಲೂ ಅಚ್ಚಾಗಲಿ. ಇದು ದುಬಾರಿ ಪರೀಕ್ಷೆಯೇನೂ ಅಲ್ಲ, ತಯಾರಕರ ಬಳಿ ಆ ಅಂಕಿ ಆಗಲೇ ಇರುತ್ತದೆ. ಇಂದು ಬಾಟಲಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದ ಹೊಳಪಿನ ಭರವಸೆ, ಹಿಂಭಾಗದಲ್ಲಿ ಕಣ್ಣು ಕಿರಿದಾಗಿಸಿ ಓದಬೇಕಾದ ಇಂಗ್ಲಿಷ್ ಪಟ್ಟಿ. ಲಿಟ್ಮಸ್ ಕಾಗದ ನೀಲಿಯಾಗುವುದನ್ನು ಶಾಲೆಯಲ್ಲಿ ನೋಡಿ ಬರೆದುಕೊಳ್ಳುವ ಹದಿನೈದರ ಹುಡುಗಿ, ಅದೇ ವರ್ಷ ಮೊದಲ ಮೊಡವೆಗೆ ಹೆದರಿ ಸಂಜೆ ಸೋಪು ಹಿಡಿದು ಕೆನ್ನೆ ಉಜ್ಜಿಕೊಳ್ಳುತ್ತಾಳೆ. ಪಾಠದಲ್ಲಿ ಓದಿದ್ದಕ್ಕೂ ಬಚ್ಚಲಲ್ಲಿ ಕೈಗೆ ಸಿಗುವುದಕ್ಕೂ ನಡುವೆ ಆ ಒಂದು ಅಂಕಿ ಮಾತ್ರ ಕಾಣೆಯಾಗಿದೆ. ಅದು ಅಚ್ಚಾಗುವವರೆಗೆ ಮನೆಯ ಹಿರಿಯರು ಅವಳಿಗೆ ಹೇಳಬಹುದಾದ ಮಾತೊಂದಿದೆ: ಮೆತ್ತಗೆ ತೊಳೆ, ಅರ್ಧ ಗಂಟೆ ಬಿಟ್ಟು ಕೆನ್ನೆ ಮುಟ್ಟಿ ನೋಡು, ಎಳೆಯುತ್ತಿದ್ದರೆ ತಪ್ಪು ನಿನ್ನ ಚರ್ಮದ್ದಲ್ಲ.