ಆಟದ ಯಂತ್ರದ ಆಯುಷ್ಯ

ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳಿಗೂ ಈಗ ತಲೆಮಾರುಗಳನ್ನು ಎಣಿಸುವ ರೂಢಿಯುಂಟು. ಮನುಷ್ಯರಲ್ಲಿ ಒಂದು ತಲೆಮಾರೆಂದರೆ ಇಪ್ಪತ್ತೈದು ಮೂವತ್ತು ವರ್ಷ. ಯಂತ್ರಗಳ ವಂಶಾವಳಿಯಾದರೋ ಬಲು ಅವಸರದ್ದು. ಜಪಾನಿನ ಸೋನಿ ಕಂಪನಿಯು ಮೊದಲ ಪ್ಲೇಸ್ಟೇಷನ್ನನ್ನು 1994ರಲ್ಲಿ ಹೊರಡಿಸಿತು. ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ, ನಾಲ್ಕನೆಯದು 2013ರಲ್ಲಿ, ಐದನೆಯದು 2020ರಲ್ಲಿ ಬಂದವು. ಆರೇಳು ವರ್ಷಕ್ಕೆ ತಂದೆಯು ಮುದುಕನಾಗಿ ಮಗನು ಗಾದಿಗೇರುವ ವಂಶವಿದು.

ಟಿಳಕವಾಡಿಯ ಗೃಹಸ್ಥರೊಬ್ಬರು ಈ ಸಂಬಂಧವಾಗಿ ನಮ್ಮನ್ನು ವಿಚಾರಿಸಿದರು. ಮಗನ ಬಳಿಯಿರುವ ನಾಲ್ಕನೆಯ ಪ್ಲೇಸ್ಟೇಷನ್ನು ಸುಸ್ಥಿತಿಯಲ್ಲಿದೆ. ಆದರೂ ಐದನೆಯದು ಬೇಕೆಂದು ಹುಡುಗನ ಹಟ. ಅದು 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗಲೇ ಅದರ ಬೆಲೆ 49,990 ರೂಪಾಯಿ. ಒಂದು ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ.

ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಪಠ್ಯಪುಸ್ತಕ ಬದಲಾದ ವರ್ಷವೇ ಬಡವರ ಮನೆಗೆ ಸಂಕಟದ ವರ್ಷವಾಗಿತ್ತು. ಅಣ್ಣನ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ತಮ್ಮನು ಓದುವದು, ಅವನ ತರುವಾಯ ತಂಗಿ ಓದುವದು. ಖಾನಾಪುರದ ಕಡೆಯ ಹಳ್ಳಿಗಳಿಂದ ಬರುವ ಹುಡುಗರ ಚೀಲಗಳಲ್ಲಿ ಹೀಗೆ ಮೂರು ಕೈ ದಾಟಿದ ವ್ಯಾಕರಣದ ಪುಸ್ತಕಗಳನ್ನು ನಾವು ಕಂಡಿದ್ದೇವೆ. (ಅಂಚಿನಲ್ಲಿ ಅಣ್ಣನು ಬರೆದ ಉತ್ತರಗಳು ತಮ್ಮನಿಗೆ ಉಪಕಾರ, ನಮಗೆ ಉಪದ್ರವ.) ಆಟದ ಯಂತ್ರಕ್ಕೂ ಇದೇ ಅಳತೆಯೆಂದು ನಮ್ಮ ಮತ: ಅಣ್ಣನು ಆಡಿ ಬಿಟ್ಟದ್ದು ತಮ್ಮನಿಗೆ ಉಪಯೋಗಕ್ಕೆ ಬರುವಷ್ಟು ಕಾಲ ಒಂದು ತಲೆಮಾರು ಬಾಳಬೇಕು. ಹತ್ತು ವರ್ಷಕ್ಕೆ ಕಡಿಮೆಯಾಗಕೂಡದು.

ಇದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ಎರಡನೆಯ ಪ್ಲೇಸ್ಟೇಷನ್ನು, ಮೂರನೆಯದು ಹುಟ್ಟಿದ ಮೇಲೆಯೂ ಆರು ವರ್ಷ ಬದುಕಿತ್ತು. ಅದರ ತಯಾರಿಕೆಯು ನಿಂತದ್ದು 2013ರ ಸುಮಾರಿಗೆ. ಮಾರಾಟವಾದದ್ದು ಹದಿನೈದು ಕೋಟಿಗೂ ಮಿಕ್ಕು. ನಮ್ಮ ದೇಶದಲ್ಲಿಯಂತೂ ಅದು ಒಂಬತ್ತು ವರ್ಷ ಹಳೆಯದಾಗಿದ್ದಾಗ, 2009ರಲ್ಲಿ, ಹನುಮಂತನ ಬಾಲ್ಯದ ಕಥೆಯುಳ್ಳ ಒಂದು ಆಟವನ್ನೂ, ಕಬಡ್ಡಿ ಮೊದಲಾದ ನಮ್ಮ ಆಟಗಳನ್ನು ಸೇರಿಸಿದ ‘ದೇಸಿ ಅಡ್ಡಾ’ವನ್ನೂ ಅದಕ್ಕಾಗಿ ರಚಿಸಿದರು. ಯಂತ್ರವು ದೀರ್ಘಾಯುವಾದುದರಿಂದಲೇ ನಮ್ಮವರ ಸರದಿ ಬಂದಿತೆನ್ನಬೇಕು.

ಹೊಸ ಶಕ್ತಿಯಿಲ್ಲದೆ ಹೊಸ ಆಟಗಳನ್ನು ಕಟ್ಟುವದೆಂತು ಎಂದು ತಯಾರಕರು ಕೇಳುವರು. ಕಟ್ಟಲಿ, ಹಳೆಯದರ ಕತ್ತು ಹಿಸುಕುವದೇಕೆ? ನಾಲ್ಕನೆಯ ಯಂತ್ರವು ಮೂರನೆಯದರ ಡಿಸ್ಕುಗಳಲ್ಲಿ ಒಂದನ್ನೂ ಓದಲಿಲ್ಲ. ಐದನೆಯದು ನಾಲ್ಕನೆಯದರ ಆಟಗಳನ್ನು ಬಹುಮಟ್ಟಿಗೆ ಆಡಿಸುತ್ತದೆ. ಇದು ಮೆಚ್ಚತಕ್ಕ ಸಂಗತಿ. ಅಂತರ್ಜಾಲದ ಅಂಗಡಿಗಳ ಮಾತಾದರೋ ಬೇರೆ. ನಿಂಟೆಂಡೊ ಕಂಪನಿಯವರು ತಮ್ಮ ಎರಡು ಹಳೆಯ ಯಂತ್ರಗಳ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿಬಿಟ್ಟರು. ಸೋನಿಯವರೂ 2021ರಲ್ಲಿ ಮೂರನೆಯ ಪ್ಲೇಸ್ಟೇಷನ್ನಿನ ಅಂಗಡಿಯನ್ನು ಮುಚ್ಚುವೆವೆಂದು ಸಾರಿ, ಜನರು ಕೂಗೆಬ್ಬಿಸಿದ ಮೇಲೆ ಹಿಂದೆಗೆದರು. ಕೂಗಿದರೆ ಫಲವುಂಟೆಂದಾಯಿತು.

ಗೃಹಸ್ಥರಿಗೆ ನಾವು ಹೇಳಿದ್ದು ಇಷ್ಟು: ಇದ್ದದ್ದು ಕೆಡುವವರೆಗೆ ತಾಳಿರಿ. ಕೊಳ್ಳಲೇಬೇಕಾದರೆ ಹಳೆಯದನ್ನು ಖಾನಾಪುರದಲ್ಲಿರುವ ನಿಮ್ಮ ತಂಗಿಯ ಮಗನಿಗೆ ಕಳಿಸಿರಿ. ಅಲ್ಲಿಯ ಮಳೆಗಾಲದಲ್ಲಿ ತೇವದ ಗೋಡೆಯಿಂದ ಅದನ್ನು ದೂರವಿಡಲು ತಿಳಿಸಿರಿ. ಡಿಸ್ಕು ಹಾಕುವ ಬಾಯಿಯಿಲ್ಲದ ಮಾದರಿಯು ಆರಂಭದಲ್ಲಿ ಹತ್ತು ಸಾವಿರ ರೂಪಾಯಿ ಅಗ್ಗವಾಗಿತ್ತು. ಆ ಅಗ್ಗಕ್ಕೆ ಮರುಳಾಗಬೇಡಿರಿ. ಅದರಲ್ಲಿ ಹಳೆಯ ಡಿಸ್ಕುಗಳು ನಡೆಯವು, ಹೊಸ ಆಟವನ್ನು ಖಾನಾಪುರದ ಹುಡುಗನಿಗೆ ಎರವಲು ಕೊಡಲಿಕ್ಕೂ ಬಾರದು.