ರಷ್ಯನ್ ಬರುತ್ತದೆ, ಮರಾಠಿ ಬರುವುದಿಲ್ಲವೇ?



ಜೂನ್ ಬಂತೆಂದರೆ ಹಾತಕಣಂಗಲೆ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮ್ಮ ಪಾಲಕರದು ಒಂದೇ ರಾಗ. "ಸರ್, ನಾವು ಇರೋದು ಮಹಾರಾಷ್ಟ್ರದಾಗ. ಕನ್ನಡ ಸಾಲಿಗೆ ಹಾಕಿದ್ರ ಹುಡುಗರಿಗೆ ಮರಾಠಿ ಹೆಂಗ ಬರತೈತ್ರಿ?" ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೋದ ಹುಡುಗರ ಸುದ್ದಿ ಬಂದರೆ ಇದೇ ಜನ, "ಅಲ್ಲಿ ಹೋಗಿ ರಷ್ಯನ್ ಮಾತಾಡಾಕ ಕಲ್ತಾರ ನೋಡ್ರಿ!" ಎಂದು ಬೀಗುತ್ತಾರೆ. ಎರಡೂ ಮಾತು ಒಂದೇ ಬಾಯಿಂದ ಹೇಗೆ ಬರುತ್ತವೆ ಎಂಬುದೇ ನಮಗೆ ಸೋಜಿಗ.

ಆ ಹುಡುಗರೇನು ಒಂದನೆಯ ಇಯತ್ತೆಯಿಂದ ರಷ್ಯನ್ ಮಾಧ್ಯಮದಲ್ಲಿ ಓದಿದ್ದರೇ? ಇಲ್ಲ. ಅನೇಕರ ಪಾಠ ಇಂಗ್ಲಿಷಿನಲ್ಲಿ. ಆದರೆ ಆಸ್ಪತ್ರೆಯ ರೋಗಿಗೆ ರಷ್ಯನ್ನೇ ಬೇಕು, ಅಂಗಡಿಯವಳಿಗೂ ಅದೇ ಬೇಕು. ಹಾಲನ್ನು 'ಮೊಲೊಕೊ' ಎಂದು ಬರೆದು 'ಮಲಕೋ' ಎನ್ನುತ್ತಾರೆಂದು ಕಿವಿ ಕಲಿಸುತ್ತದೆ. ಒಂದಾದರೆ ರೂಬಲ್, ಎರಡಾದರೆ ರುಬ್ಲ್ಯಾ, ಐದಾದರೆ ರುಬ್ಲೇಯ್! ವ್ಯಾಕರಣದಲ್ಲಿ ತಲೆನೋವಾಗುವ ಈ ಲೆಕ್ಕ, ದಿನಾ ಚಿಲ್ಲರೆ ಎಣಿಸಿದರೆ ನಾಲಿಗೆಗೆ ಹತ್ತುತ್ತದೆ.

ಹೊರದೇಶದಲ್ಲಿ ನಡೆಯುವ ಈ ವಿದ್ಯೆ ಇಚಲಕರಂಜಿಯ ಪೇಟೆಯಲ್ಲಿ ನಡೆಯುವುದಿಲ್ಲವೇ? ರಷ್ಯನ್ನಿಗೆ 33 ಹೊಸ ಅಕ್ಷರ ಕಲಿಯಬೇಕು. ಮರಾಠಿಯ ಲಿಪಿ ಬೇರೆಯಾದರೂ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮ ನಮ್ಮದೇ. ನಮ್ಮ ತುಪ್ಪ ಅವರ 'ತೂಪ', ನಮ್ಮ ಅಕ್ಕ ಅವರಿಗೂ 'ಅಕ್ಕಾ'. ವಿದ್ಯುತ್ ಮಗ್ಗದ ಸದ್ದಿನಲ್ಲಿ ದುಡಿಯುವ ಕನ್ನಡಿಗ ಯಾವ ಶಾಲೆಗೂ ಹೋಗದೆ ಮರಾಠಿ ಮಾತಾಡುತ್ತಾನೆ. ಮೇಲಾಗಿ 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. ಮತ್ತೆ ಭಯ ಯಾಕೆ?

"ಬೀದಿಯ ಮರಾಠಿ ಅರ್ಜಿ ಬರೆಯಲು, ಪರೀಕ್ಷೆಗೆ ಸಾಕಾಗುವುದಿಲ್ಲ" ಎನ್ನುವವರಿದ್ದಾರೆ. ಒಪ್ಪಿದೆವು. ಬೀದಿ ಮಾತು ಕೊಡುತ್ತದೆ, ಓದು ಬರಹ ಕೊಡುವುದಿಲ್ಲ. ಅದಕ್ಕೇ ಕನ್ನಡ ಶಾಲೆಯಲ್ಲಿ ಮರಾಠಿಯನ್ನು ಒಳ್ಳೆಯ ಶಿಕ್ಷಕರಿಂದ ಕಲಿಸಿರೆಂದು ಕೇಳೋಣ. ಆದರೆ ಇದೇ ಮಾತನ್ನು ಕನ್ನಡಕ್ಕೂ ಹಚ್ಚಿ ನೋಡಿ! ಮನೆಯಲ್ಲಿ ಮಗು ಕನ್ನಡ ಮಾತಾಡೀತು. ಓದಲು ಬರೆಯಲು ಯಾರು ಕಲಿಸಬೇಕು? ಇಲ್ಲಿಯ ಅಂಗಡಿ ಫಲಕದಲ್ಲಿ ಕನ್ನಡವಿಲ್ಲ, ಕಚೇರಿಯಲ್ಲಿ ಇಲ್ಲ. ಮರಾಠಿಗೆ ಪೇಟೆಯೂ ಇದೆ, ಶಾಲೆಯೂ ಇದೆ. ಕನ್ನಡದ ಅಕ್ಷರಕ್ಕೆ ಇರುವುದು ಶಾಲೆಯೊಂದೇ.

ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ 15ನೇ ಶತಮಾನದಲ್ಲಿ ಚೌಲ್, ಜುನ್ನರ ದಾಟಿ ನಮ್ಮ ಬೀದರಿಗೆ ಬಂದ. ದಾರಿಯಲ್ಲಿ ಕಲಿತ ಪಾರಸಿ, ತುರ್ಕಿ ಮಾತುಗಳು ಅವನ ಬರಹದ ನಡುನಡುವೆ ಇವೆ. ಆದರೆ ಕಂಡದ್ದನ್ನು ಅವನು ಬರೆದಿಟ್ಟದ್ದು ತನ್ನ ರಷ್ಯನ್ನಿನಲ್ಲಿ. ತಾಯ್ನುಡಿಯ ಅಕ್ಷರ ಬರುತ್ತಿದ್ದುದರಿಂದಲೇ ಬಹಮನಿ ಕಾಲದ ಬೀದರ ಇಂದಿಗೂ ಅವನ ಕಣ್ಣಿನಿಂದ ನಮಗೆ ಕಾಣುತ್ತದೆ.

ನಾವು ಮರಾಠಿಯ ವಿರೋಧಿಗಳಲ್ಲ. ಅದು ನಮಗೆ ಅನ್ನ ಕೊಡುವ ನೆಲದ ಭಾಷೆ. ಆದರೆ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನಕ್ಕೆ 350-ಎ ವಿಧಿ ಸೇರಿದ್ದು 1956ರಲ್ಲಿ. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಕಾನೂನಿದೆ, ಪುಸ್ತಕವಿದೆ. ಮಕ್ಕಳನ್ನು ಕಳಿಸುವ ಮನಸ್ಸು ಮಾತ್ರ ನಮ್ಮದಾಗಬೇಕು. ಪಟ ಸಂಖ್ಯೆ ಕುಸಿದರೆ ಮೊದಲು ಶಿಕ್ಷಕರು ಹೋಗುತ್ತಾರೆ, ಆಮೇಲೆ ಶಾಲೆಯೇ ಹೋಗುತ್ತದೆ. ಹೋದ ಶಾಲೆಯನ್ನು ಮತ್ತೆ ತರುವುದು ಸುಲಭವಲ್ಲ.

ಮಾಸ್ಕೋಗೆ ಹೋದವನಿಗೆ ರಷ್ಯನ್ ಬರುತ್ತದೆಂದು ನಂಬುವ ನೀವು, ಇಚಲಕರಂಜಿಯಲ್ಲೇ ಹುಟ್ಟಿದವನಿಗೆ ಮರಾಠಿ ಬರುತ್ತದೆಂದು ನಂಬಬಾರದೇ? ಈ ಜೂನಿನಲ್ಲಿ ಮಗುವಿನ ಹೆಸರನ್ನು ಕನ್ನಡ ಶಾಲೆಯಲ್ಲಿ ಬರೆಸಿ. ಮರಾಠಿ ಮನೆಯ ಬಾಗಿಲಲ್ಲೇ ಕಾಯುತ್ತಿದೆ!